ಪ್ರಯೋಗಶಾಲೆಗೊಂದು ಹೊರೆಕಾಣಿಕೆ: ಡಾ. ಜೆನೆವಿವ್ ರೆಬೆಲ್ಲೊ ಅವರನ್ನು ಕುರಿತು

ಪೂರ್ವ ಆಫ್ರಿಕಾದ ವಿಶ್ವವಿದ್ಯಾಲಯಗಳಲ್ಲಿ ಕಳೆದ ಮೂವತ್ತೈದು ವರ್ಷಗಳಲ್ಲಿ ರಸಾಯನಶಾಸ್ತ್ರ ಓದಿದವರನ್ನು ಒಂದೆಡೆ ಸೇರಿಸಿದರೆ, ಅವರಲ್ಲಿ ಬಹುಮಂದಿ ಪ್ರಯೋಗಶಾಲೆಯ ಮೊದಲ ಪಾಠವನ್ನು ಡಾ. ಜೆನೆವಿವ್ ರೆಬೆಲ್ಲೊ ಅವರಿಂದಲೋ ಅವರ ಶಿಷ್ಯರಿಂದಲೋ ಕಲಿತವರೇ ಆಗಿರುತ್ತಾರೆ. ಪ್ರಕಟಿಸಿದ ಪ್ರಬಂಧಗಳ ಪಟ್ಟಿಯನ್ನು ನೋಡಿ ವಿದ್ವಾಂಸರಿಗೆ ಬೆಲೆ ಕಟ್ಟುವ ಈ ಕಾಲದಲ್ಲಿ, ಹಿರಿಯ ಪ್ರಾಧ್ಯಾಪಕರು ಸಾಮಾನ್ಯವಾಗಿ ಕಿರಿಯರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವ ಮೊದಲ ವರ್ಷದ ಪ್ರಾಯೋಗಿಕ ತರಗತಿಯನ್ನೇ ತಮ್ಮ ಕ್ಷೇತ್ರವೆಂದು ಆರಿಸಿಕೊಂಡು, ಬಡ್ತಿಗಳು ಬಂದ ಮೇಲೂ ಅದನ್ನು ಬಿಟ್ಟುಕೊಡದೆ ನಿಂತವರು ಅವರು. ಈ ವರ್ಷ ಅವರು ನೈರೋಬಿಯ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಈ ಸಂಪುಟದ ಸಂಪಾದಕರು ನನ್ನಿಂದ ಲೇಖನ ಕೇಳಿದಾಗ ನಾನು ಸ್ವಲ್ಪ ಹಿಂದೆಮುಂದೆ ನೋಡಿದೆ. ನಾನು ಗಣಿತದ ಮೇಷ್ಟ್ರು. ಹೊಗಳುವುದು ನನಗೆ ಬಾರದು, ಹೊಗಳಿಸಿಕೊಳ್ಳುವುದು ಅವರಿಗೆ ಆಗದು. ಆದ್ದರಿಂದ ಹೊಗಳಿಕೆಯನ್ನು ಇತರ ಲೇಖಕರಿಗೆ ಬಿಟ್ಟು, ನಾನು ಕಣ್ಣಾರೆ ಕಂಡ ಒಂದು ಕೆಲಸದ ಕಥೆಯನ್ನು ಹೇಳುತ್ತೇನೆ.

ಕಿನ್ನಿಗೋಳಿಯ ಶಾಲಾ ಮಾಸ್ತರರೊಬ್ಬರ ಮಗಳಾದ ಜೆನೆವಿವ್ ಅವರು ಮದ್ರಾಸಿನಲ್ಲಿ ಓದು ಮುಗಿಸಿ, ೧೯೬೧ರಲ್ಲಿ ಉಗಾಂಡಾದ ಕಂಪಾಲಾ ನಗರದ ಬೆಟ್ಟದ ಮೇಲಿನ ವಿದ್ಯಾಸಂಸ್ಥೆಗೆ ಉಪನ್ಯಾಸಕಿಯಾಗಿ ಬಂದರು. ಬ್ರಿಟಿಷರು ಕಟ್ಟಿಸಿದ ಕಾಲೇಜು ಅದು; ಪ್ರಶ್ನೆಪತ್ರಿಕೆಗಳಿಗೂ ಲಂಡನ್ನಿನ ಒಪ್ಪಿಗೆ ಬೇಕಾಗಿದ್ದ ಕಾಲ. ದೇಶ ಸ್ವತಂತ್ರವಾಗಿ ಕಾಲೇಜು ವಿಶ್ವವಿದ್ಯಾಲಯವಾಗಿ ಬೆಳೆದ ವರ್ಷಗಳಲ್ಲಿ, ಅಲ್ಲಿನ ಮೊದಲ ವರ್ಷದ ರಸಾಯನಶಾಸ್ತ್ರ ಪ್ರಯೋಗಶಾಲೆಯನ್ನು ಮೇಜುಮೇಜಾಗಿ, ನಲ್ಲಿನಲ್ಲಿಯಾಗಿ ರೂಪಿಸಿದವರು ಇವರೇ. ಅಲ್ಲಿ ಅವರದೊಂದು ನಿಯಮವಿತ್ತು. ಗಾಜಿನ ಸಾಮಾನು ಒಡೆದ ವಿದ್ಯಾರ್ಥಿಗೆ ದಂಡವಿಲ್ಲ. ಆದರೆ ಒಡೆದ ನಳಿಗೆಯನ್ನು ಉರಿಯಲ್ಲಿ ಕಾಯಿಸಿ, ಎಳೆದು, ಹನಿ ಬಿಡುವ ಕೊಳವೆಯಾಗಿ ಮಾಡಿಕೊಟ್ಟೇ ಅವನು ಮನೆಗೆ ಹೋಗಬೇಕು. ಹಾಗೆ ಒಂದು ಸಂಜೆ ಬೆರಳು ಸುಟ್ಟುಕೊಂಡು ಮೂರು ಕೊಳವೆ ಮಾಡಿದ ಹುಡುಗನ ಹೆಸರು ಆಲ್ಫ್ರೆಡ್. ಈ ಕಥೆಯಲ್ಲಿ ಅವನು ಮತ್ತೆ ಬರುತ್ತಾನೆ.

೧೯೭೨ರಲ್ಲಿ ಆ ದೇಶದ ಅಂದಿನ ಸರ್ಕಾರ ಏಷ್ಯಾ ಮೂಲದವರೆಲ್ಲ ತೊಂಬತ್ತು ದಿನಗಳಲ್ಲಿ ಹೊರಡಬೇಕೆಂದು ಆಜ್ಞೆ ಮಾಡಿತು. ಜೆನೆವಿವ್ ಅವರು ಹನ್ನೊಂದು ವರ್ಷ ಕಟ್ಟಿದ್ದನ್ನು ಬಿಟ್ಟು, ಒಂದು ಪೆಟ್ಟಿಗೆಯೊಂದಿಗೆ ರೈಲಿನಲ್ಲಿ ನೈರೋಬಿಗೆ ಬಂದಿಳಿದರು. ಇಲ್ಲಿ ಅವರಿಗೆ ಕೆಲಸ ಸಿಕ್ಕಿತು, ಪಂಗಾನಿಯಲ್ಲಿ ಎರಡನೆಯ ಮಹಡಿಯ ಒಂದು ಮನೆ ಸಿಕ್ಕಿತು. ಆ ಮೂರು ತಿಂಗಳ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಬಹಳ ಕಡಿಮೆ.

ನಾನು ಮೈಸೂರಿನಿಂದ ಇಲ್ಲಿಗೆ ಬಂದದ್ದು ೧೯೭೯ರಲ್ಲಿ. ನ್ಗಾರಾದಲ್ಲಿ ಸಗಟು ಅಂಗಡಿಯೊಂದರ ಮೇಲಿನ ಒಂಟಿ ಕೋಣೆಯಲ್ಲಿ ಸಂಸಾರ ಹೂಡಿದ ತಿಂಗಳೊಳಗೇ ನನ್ನ ಹೆಂಡತಿ ಮಲೇರಿಯಾದಿಂದ ಹಾಸಿಗೆ ಹಿಡಿದಳು. ಪರಿಚಯ ಇನ್ನೂ ನೆಟ್ಟಗಾಗಿರದ ಈ ಹಿರಿಯ ಸಹೋದ್ಯೋಗಿ ದಿನಾ ಸಂಜೆ ಗಂಜಿಯ ಡಬ್ಬಿ ಹಿಡಿದು ಬರುತ್ತಿದ್ದರು. ಅವಳಿಗೆ ಕುಡಿಸಿ, ಒಳಗೆ ಜಾಗವಿಲ್ಲವೆಂದು ಮೆಟ್ಟಿಲ ಮೇಲೆ ಕುಳಿತು ವಿದ್ಯಾರ್ಥಿಗಳ ರೆಕಾರ್ಡುಗಳನ್ನು ತಿದ್ದುತ್ತಿದ್ದರು. ಜ್ವರ ಇಳಿದ ದಿನ ಬರುವುದನ್ನು ನಿಲ್ಲಿಸಿದರು. ಗಂಜಿಗೆ ಉಪ್ಪು ಯಾವತ್ತೂ ಹೆಚ್ಚಾಗಿರುತ್ತಿತ್ತು. ಅಡುಗೆ ಅವರ ಕೈಗೆ ಒಲಿದ ವಿದ್ಯೆಯಲ್ಲವೆಂದು ಅಭಿನಂದನ ಗ್ರಂಥದಲ್ಲಿಯೂ ಹೇಳದೆ ಇರಲಾರೆ. ಆ ಗಂಜಿಯ ಋಣ ನನ್ನ ಮೇಲಿದ್ದುದರಿಂದಲೇ ಮುಂದೆ ಅವರು ಕರೆದಾಗ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ಅವರು ಕರೆದದ್ದು ೧೯೮೬ರಲ್ಲಿ. ಆ ವರ್ಷದ ಆರಂಭದಲ್ಲಿ ಉಗಾಂಡಾದ ಯುದ್ಧ ಮುಗಿದಿತ್ತು. ಕೆಲವು ತಿಂಗಳ ನಂತರ ಒಂದು ಸಭೆಗೆಂದು ನೈರೋಬಿಗೆ ಬಂದ ಆಲ್ಫ್ರೆಡ್, ತನ್ನ ಗುರುಗಳನ್ನು ಕಾಣಲು ಪಂಗಾನಿಯ ಮನೆಗೆ ಬಂದ; ಅಂದು ಅವರು ನನ್ನನ್ನೂ ಕರೆಸಿದ್ದರು. ಅಂದಿನ ಹುಡುಗ ಈಗ ನರೆಗೂದಲಿನ ವಿಭಾಗ ಮುಖ್ಯಸ್ಥ. ಅಷ್ಟೂ ವರ್ಷ ಊರು ಬಿಡದೆ, ಸಂಬಳವಿದ್ದಾಗಲೂ ಇಲ್ಲದಾಗಲೂ ಪಾಠ ನಿಲ್ಲಿಸದೆ ಇದ್ದವನು. ಸಿಪಾಯಿಗಳು ಪ್ರಯೋಗಶಾಲೆಯಲ್ಲಿ ಬೀಡುಬಿಟ್ಟಿದ್ದರಂತೆ. ಕಿಟಕಿಗಳಲ್ಲಿ ಗಾಜಿಲ್ಲ, ಗೋಡೆಯೊಳಗಿನ ಪೈಪುಗಳನ್ನೂ ಕಿತ್ತು ಮಾರಿದ್ದಾರೆ, ಮೇಜುಗಳು ಉಳಿದಿವೆ, ನಲ್ಲಿ ಒಂದೂ ಇಲ್ಲ. ಆ ವರ್ಷ ವಿಜ್ಞಾನದ ಹೊಸ ಪ್ರವೇಶವನ್ನೇ ನಿಲ್ಲಿಸಲಾಗಿತ್ತು. ಮುಂದಿನ ಅಕ್ಟೋಬರ್ ಹೊತ್ತಿಗೂ ಪ್ರಯೋಗಶಾಲೆ ನಡೆಯುವ ಸ್ಥಿತಿಗೆ ಬಾರದಿದ್ದರೆ ವಿಭಾಗವನ್ನೇ ಮುಚ್ಚುವ ಮಾತು ನಡೆದಿತ್ತು. ದೊಡ್ಡ ದೇಶಗಳಿಂದ ಪುನರ್ನಿರ್ಮಾಣದ ನೆರವು ಬರುವುದಿತ್ತು. ಆದರೆ ಅದರ ಸರದಿಯಲ್ಲಿ ಮೊದಲು ಛಾವಣಿಗಳು, ಆಮೇಲೆ ಹಾಸ್ಟೆಲುಗಳು, ಆಮೇಲೆ ಗ್ರಂಥಾಲಯ. ಮೊದಲ ವರ್ಷದ ಮಕ್ಕಳ ನಲ್ಲಿಯ ಸರದಿ ಎಂದು ಬರುತ್ತದೆಂದು ಹೇಳುವವರು ಯಾರೂ ಇರಲಿಲ್ಲ. ಇದೆಲ್ಲವನ್ನೂ ಆಲ್ಫ್ರೆಡ್ ದೂರಿನ ದನಿಯಿಲ್ಲದೆ ಹೇಳಿದ. ಇನ್ನೊಂದು ಮಾತನ್ನೂ ಹೇಳಿದ: ಕೆಲಸದವರು ಇದ್ದಾರೆ, ಆದರೆ ಒಂದು ತಿಂಗಳ ಸಂಬಳ ಕೆಲವು ದಿನದ ಊಟಕ್ಕೂ ಸಾಲದಾದ್ದರಿಂದ ಮಧ್ಯಾಹ್ನವಾಗುತ್ತಲೇ ಎಲ್ಲರೂ ತಮ್ಮ ತಮ್ಮ ಶಾಂಬಾಕ್ಕೆ, ಎಂದರೆ ತುಂಡು ಹೊಲಕ್ಕೆ, ದುಡಿಯಲು ಹೋಗಿಬಿಡುತ್ತಾರೆ. ಆ ಮಾತಿಗೆ ನಾನು ಅಷ್ಟಾಗಿ ಕಿವಿಗೊಡಲಿಲ್ಲ.

ಹೀಗೆ ನಮ್ಮ ಸಮಿತಿ ಹುಟ್ಟಿತು. ಜೆನೆವಿವ್ ಅವರು ಅಧ್ಯಕ್ಷರು, ನಾನು ಖಜಾಂಚಿ, ನ್ಗಾರಾದ ಹೆಂಗಸರನ್ನೆಲ್ಲ ಒಂದು ಮಾತಿಗೆ ಸೇರಿಸಬಲ್ಲ ಪುತ್ತೂರಿನ ಸುಶೀಲಮ್ಮನವರು ಕಾರ್ಯದರ್ಶಿ. ಕನ್ನಡಿಗರೂ ಮಂಗಳೂರಿನ ಕ್ರೈಸ್ತ ಬಂಧುಗಳೂ ಸೇರಿದ ಒಂದು ಔತಣಕೂಟ ಏರ್ಪಡಿಸಿ, ಒಳ್ಳೆಯ ಮೊತ್ತವನ್ನೇ ಕೂಡಿಸಿ ಕಳುಹಿಸಿದೆವು. ಹಣ ಅಲ್ಲಿ ಸೇರಿ ಖರ್ಚಿನ ಅನುಮತಿಗೆ ಕಾಯುತ್ತಿದ್ದಾಗಲೇ, ಅಂದರೆ ೧೯೮೭ರ ಮೇ ತಿಂಗಳಲ್ಲಿ, ಆ ದೇಶ ಹಳೆಯ ನೋಟು ರದ್ದುಮಾಡಿ ಹೊಸ ನೋಟು ತಂದಿತು. ಬದಲಾವಣೆಯಲ್ಲಿ ನೂರಕ್ಕೆ ಮೂವತ್ತನ್ನು ಮುರಿದುಕೊಳ್ಳಲಾಯಿತು. ಮಿಕ್ಕಿದ್ದನ್ನು ಬೆಲೆಯೇರಿಕೆ ನುಂಗಿತು. ಕೊನೆಗೆ ನಮ್ಮ ಔತಣಕೂಟದ ಫಲವಾಗಿ ಬಂದದ್ದು ಕೆಲವು ಕಿಟಕಿಗಳ ಗಾಜು. ಕೊಟ್ಟವರು ನನ್ನನ್ನು ಮಟಾಟು ವ್ಯಾನಿನಲ್ಲಿಯೂ ಹಿಡಿದು ಲೆಕ್ಕ ಕೇಳತೊಡಗಿದರು. ಸಮಿತಿಯನ್ನು ಮುಚ್ಚಿಬಿಡೋಣವೆಂದು ನಾನು ಖಡಾಖಂಡಿತವಾಗಿ ಹೇಳಿದೆ. ಅಕ್ಟೋಬರಿಗೆ ಐದು ತಿಂಗಳು ಉಳಿದಿತ್ತು.

ಅವರು ಸಮಿತಿ ಮುಚ್ಚಲಿಲ್ಲ. ಬಿಡುವಿದ್ದ ದಿನಗಳಲ್ಲಿ ಬಟ್ಟೆಯ ಚೀಲ ತಗಲಿಸಿಕೊಂಡು ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಗಳಿಗೆ ಅಲೆಯತೊಡಗಿದರು. ಲಾರಿಗಳ ಸಾಲಿನಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡು, ಧೂಳು ಮೆತ್ತಿದ ಸೀರೆಯಲ್ಲಿಯೇ ಹಳೆಯ ವಿದ್ಯಾರ್ಥಿಗಳ ಮುಂದೆ ಹೋಗಿ ನಿಲ್ಲುತ್ತಿದ್ದರು. ಒಬ್ಬ ಗಾಜು ಕೊಟ್ಟ, ಒಬ್ಬ ರಬ್ಬರ್ ಕೊಳವೆ ಕೊಟ್ಟ. ಆದರೆ ಪೈಪು, ನಲ್ಲಿಗಳನ್ನು ತಯಾರಿಸುತ್ತಿದ್ದ ವಲೇರಿಯನ್ ಮಾತ್ರ ಜಗ್ಗಲಿಲ್ಲ. ಮಂಗಳೂರು ಕಡೆಯವರೇ ಆದ ಅವರ ಕುಟುಂಬ ಕಂಪಾಲಾದಲ್ಲಿ ದೊಡ್ಡ ವರ್ಕ್‌ಶಾಪು ನಡೆಸಿ, ೧೯೭೨ರಲ್ಲಿ ಅದನ್ನೆಲ್ಲ ಕಳೆದುಕೊಂಡು ಬಂದಿತ್ತು. ಅವರ ತಂದೆ ಮರುವರ್ಷವೇ ನೈರೋಬಿಯಲ್ಲಿ ತೀರಿಕೊಂಡಿದ್ದರು. ಆ ದಿನ ನಾನೂ ಜೊತೆಗಿದ್ದೆ.

"ನೀವು ಎಂತ ಹೇಳಿದ್ರೂ ಆಗೂದಿಲ್ಲ ಟೀಚರ್," ಎಂದರು ವಲೇರಿಯನ್. "ಆ ಊರಿಗೆ ನನ್ನ ಕೈಯಿಂದ ಒಂದು ಮೊಳೆ ಸಹ ಹೋಗ್ಲಿಕ್ಕಿಲ್ಲ. ನೀವು ಕೂಡ ಅದೇ ಸಮಯಕ್ಕೆ ಹೊರಟವರಲ್ವಾ, ನಿಮಗೆ ಬೇಜಾರಿಲ್ವಾ?"

"ಉಂಟು," ಎಂದರು ಜೆನೆವಿವ್ ಅವರು. "ಆದ್ರೆ ಈಗ ಕಾಲೇಜಿಗೆ ಬರುವ ಮಕ್ಕಳು ಆವಾಗ ಮೂರು ವರ್ಷದವರು. ಅವರು ಯಾರನ್ನೂ ಓಡಿಸ್ಲಿಲ್ಲ."

ವಲೇರಿಯನ್ ಚಹಾ ತರಿಸಿದರು, ಗೌರವದಿಂದಲೇ ಕುಡಿಸಿದರು, ಗೇಟಿನವರೆಗೆ ಬಂದು ಬೀಳ್ಕೊಟ್ಟರು. ನಲ್ಲಿ ಕೊಡಲಿಲ್ಲ. ಅವರನ್ನು ತಪ್ಪೆನ್ನಲು ನನಗೆ ಮನಸ್ಸಾಗಲಿಲ್ಲ, ಇಂದಿಗೂ ಆಗುವುದಿಲ್ಲ.

ಆ ಆಗಸ್ಟ್ ತಿಂಗಳ ಕನ್ನಡ ಕೂಟದಲ್ಲಿ ಜೆನೆವಿವ್ ಅವರು ಎದ್ದು ನಿಂತು ಚಿಕ್ಕದೊಂದು ಭಾಷಣ ಮಾಡಿದರು. ದುಡ್ಡು ಕೊಡಿರೆಂದು ಇನ್ನು ಯಾರನ್ನೂ ಕೇಳುವುದಿಲ್ಲ, ದುಡ್ಡು ದಾರಿಯಲ್ಲಿ ಕರಗುತ್ತದೆ. ತಮ್ಮ ಊರಿನಲ್ಲಿ ದೇವಸ್ಥಾನದ ಜೀರ್ಣೋದ್ಧಾರವಾದಾಗ ಊರವರು ಹೊರೆಕಾಣಿಕೆ ತಂದು ಒಪ್ಪಿಸುತ್ತಿದ್ದರು, ಇಗರ್ಜಿಗೆ ಹೋಗುವ ತಮ್ಮ ತಂದೆಯೂ ತಪ್ಪದೆ ಕಳುಹಿಸುತ್ತಿದ್ದರು. ಹಾಗೆಯೇ ನೀವೂ ಈ ವಿಶ್ವವಿದ್ಯಾಲಯಕ್ಕೆ ವಸ್ತುರೂಪದಲ್ಲಿ ಹೊರೆಕಾಣಿಕೆ ಕೊಡಿ, ಭಾನುವಾರ ನಮ್ಮ ಮನೆಗೆ ತಂದುಬಿಡಿ ಎಂದರು. ಅವರ ಮನಸ್ಸಿನಲ್ಲಿದ್ದದ್ದು ಗಾಜು, ಪೈಪು, ಬಲ್ಬು, ಫ್ಲಾಸ್ಕು. ಅದನ್ನು ಬಿಡಿಸಿ ಹೇಳಬೇಕೆಂದು ಅವರಿಗೆ ಹೊಳೆಯಲಿಲ್ಲ. ಮೈಸೂರು ಕಡೆಯವನಾದ ನನಗೆ ಹೊರೆಕಾಣಿಕೆಯೆಂದರೆ ಏನೆಂದೇ ಆಗ ಸರಿಯಾಗಿ ತಿಳಿದಿರಲಿಲ್ಲ.

ಭಾನುವಾರ ನಾನು ಪಂಗಾನಿಯ ಆ ಮೆಟ್ಟಿಲು ಹತ್ತುವಾಗಲೇ ಏನೋ ಎಡವಟ್ಟಾಗಿದೆ ಎನಿಸಿತು. ಬಾಗಿಲವರೆಗೂ ಮ್ವೇಯಾದ ಅಕ್ಕಿಯ ಮೂಟೆಗಳು. ಒಳಗೆ ತೊಗರಿಬೇಳೆ, ಬೆಲ್ಲ, ಒಣಮೆಣಸು, ಎಣ್ಣೆಯ ಡಬ್ಬಿಗಳು, ಮೊಂಬಾಸಾದ ತೆಂಗಿನಕಾಯಿ; ಸೋಫಾದ ಮೇಲೆ, ಪುಸ್ತಕದ ಕಪಾಟಿನ ಕೆಳಗೆ, ಎಲ್ಲೆಲ್ಲೂ ಕುಂಬಳಕಾಯಿ. ಕೆಲವಕ್ಕೆ ಅರಿಶಿನ ಕುಂಕುಮವನ್ನೂ ಹಚ್ಚಲಾಗಿತ್ತು. ಹೆಂಗಸರು ಇನ್ನೂ ತರುತ್ತಲೇ ಇದ್ದರು. ಗಾಜಿನ ಸಾಮಾನು ಎನ್ನುವಂಥದು ಇದ್ದದ್ದು ಒಂದೇ, ಉಪ್ಪಿನಕಾಯಿಯ ಒಂದು ದೊಡ್ಡ ಭರಣಿ.

"ಇದೇನು ಸುಶೀಲಮ್ಮ?" ಎಂದು ಕೇಳಿದೆ.

"ಹೊರೆಕಾಣಿಕೆ," ಎಂದರು ಅವರು, ಇದೆಂಥ ಪ್ರಶ್ನೆ ಎನ್ನುವಂತೆ. "ಮೇಡಂ ಅವರೇ ಹೇಳಿದ್ದಲ್ವಾ? ಹೊರೆಕಾಣಿಕೆಗೆ ಅಕ್ಕಿ ಕಾಯಿ ಬಿಟ್ಟು ಬೇರೆ ಎಂತ ತರ್ತಾರೆ?"

ನಾನು ಜೆನೆವಿವ್ ಅವರನ್ನು ಪಕ್ಕಕ್ಕೆ ಕರೆದು, "ಯೂನಿವರ್ಸಿಟಿ ಕಟ್ಟೋಕೆ ಕುಂಬಳಕಾಯಿ ಕಳಿಸೋಕಾಗುತ್ತಾ ಮೇಡಂ? ಎಲ್ರೂ ನಗ್ತಾರೆ. ವಾಪಸ್ ತಗೊಂಡು ಹೋಗಿ ಅನ್ನಿ," ಎಂದೆ. ಅವರು ಒಂದು ಕುಂಬಳಕಾಯಿಯನ್ನು ಸರಿಸಿ, ಆ ಜಾಗದಲ್ಲಿ ಕುಳಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಅಕ್ಕಿಯ ಮೂಟೆಗಳನ್ನು ಒಂದೊಂದಾಗಿ ಎಣಿಸಿದರು.

"ಆಲ್ಫ್ರೆಡ್ ಎಂತ ಹೇಳಿದ್ದ, ನೆನಪುಂಟಾ ಮಾಸ್ಟ್ರೇ?" ಎಂದರು. "ಮಧ್ಯಾಹ್ನ ಆದ್ರೆ ಕೆಲಸದವರು ಯಾರೂ ನಿಲ್ಲೂದಿಲ್ಲ ಅಂತ. ನಾವು ಪೈಪು ಪೈಪು ಅಂತ ಓಡಾಡಿದ್ದೇ ಬಂತು. ಪೈಪು ಕೂರಿಸುವವರಿಗೆ ಊಟ ಬೇಡ್ವಾ?"

ಆ ಕ್ಷಣದಲ್ಲಿಯೇ ಯಾರೋ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ನೋಡಿದರೆ ಹೆಗಲ ಮೇಲೆ ತೆಂಗಿನಕಾಯಿಯ ಚೀಲ ಹೊತ್ತ ವಲೇರಿಯನ್. ಅವರ ಪತ್ನಿ ಫಿಲೋಮಿನಾ ಅವರು ಗಂಡನನ್ನು ಕೇಳದೆಯೇ ಸುಶೀಲಮ್ಮನವರಿಗೆ ಮಾತು ಕೊಟ್ಟಿದ್ದರು. ಹೊರಲು ಮಾತ್ರ ಗಂಡನೇ ಬೇಕಾಗಿತ್ತು. ವಲೇರಿಯನ್ ಚೀಲ ಇಳಿಸಿ, ಕೋಣೆಯನ್ನೊಮ್ಮೆ ಸುತ್ತ ನೋಡಿದರು.

"ಇದೆಲ್ಲ ಯಾರಿಗೆ ಟೀಚರ್?"

"ಲ್ಯಾಬಿನ ಕೆಲಸದವರ ಊಟಕ್ಕೆ."

"ಹೋಗೂದು ಹೇಗೆ?"

"ಗೊತ್ತಿಲ್ಲ."

ವಲೇರಿಯನ್ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಯೂನಿವರ್ಸಿಟಿಗೆ ಕೊಡೂದಿಲ್ಲ ಅಂತ ನಾನು ಹೇಳಿದ್ದು ಹೌದು," ಎಂದರು ನಿಧಾನವಾಗಿ. "ಕೆಲಸದವರ ಊಟಕ್ಕೆ ಲಾರಿ ಇಲ್ಲ ಅಂತ ಹೇಳ್ಳಿಲ್ಲ. ಗಡಿಯವರೆಗೆ ನಾನೇ ಬರ್ತೇನೆ. ಅಲ್ಲಿಂದ ಮುಂದೆ ನಿಮ್ಮ ಆಲ್ಫ್ರೆಡ್ ನೋಡಿಕೊಳ್ಳಲಿ."

ಮರುವಾರ ಲಾರಿ ಹೊರಟಿತು. ಕಾರ್ಖಾನೆಯ ಅಂಗಳದಲ್ಲಿ ಸಾಮಾನು ತುಂಬುವಾಗ, ಅಕ್ಕಿಯ ಮೂಟೆಗಳ ಅಡಿಯಲ್ಲಿ ಅದಾಗಲೇ ಪೈಪುಗಳ ಕಟ್ಟುಗಳೂ ನಲ್ಲಿಯ ಪೆಟ್ಟಿಗೆಗಳೂ ಇದ್ದುದನ್ನು ನಾನು ಕಂಡೆ. ಜೆನೆವಿವ್ ಅವರೂ ಕಂಡರು. ಇಬ್ಬರೂ ಏನೂ ಕೇಳಲಿಲ್ಲ. ಜೆನೆವಿವ್ ಅವರೂ ಅದೇ ಲಾರಿಯಲ್ಲಿ ಹೋಗುತ್ತಾರೆಂದೇ ನಾನು ತಿಳಿದಿದ್ದೆ. ಆಲ್ಫ್ರೆಡ್ ಮತ್ತೆ ಮತ್ತೆ ಕರೆದಿದ್ದ. ಅವರು ಹೋಗಲಿಲ್ಲ. ಲಾರಿ ಗೇಟು ದಾಟಿದ ಮೇಲೆ ಏಕೆಂದು ಕೇಳಿದೆ.

"ನಾನು ಹೋದ್ರೆ ಅದು ನನ್ನ ಲ್ಯಾಬ್ ಆಗ್ತದೆ," ಎಂದರು. "ಆಲ್ಫ್ರೆಡ್ ನನ್ನನ್ನು ಕೇಳಿ ಕೇಳಿ ಮೇಜು ಇಡ್ತಾನೆ. ಅದು ಅಲ್ಲಿಯವರ ಲ್ಯಾಬ್ ಆಗ್ಲಿ." ಸ್ವಲ್ಪ ದೂರ ನಡೆದ ಮೇಲೆ, ನಾನು ಕೇಳದಿದ್ದರೂ, "ಮತ್ತೆ, ಹೋಗಿ ಅಂತ ಹೇಳಿಸಿಕೊಂಡ ಕಾಲು ಅಷ್ಟು ಬೇಗ ಏಳೂದಿಲ್ಲ ಮಾಸ್ಟ್ರೇ," ಎಂದರು. ಅವರ ನೋವನ್ನು ಅವರೇ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮಟಾಟು ಬಂತು, ಹತ್ತಿದೆವು.

ಗಡಿಯಿಂದ ಹಿಂದಿರುಗುವೆನೆಂದ ವಲೇರಿಯನ್ ಹಿಂದಿರುಗಲಿಲ್ಲ. ಒಂದು ವಾರವಾಯಿತು, ಎರಡಾಯಿತು. ಫಿಲೋಮಿನಾ ಅವರು ದಿನಾ ಪಂಗಾನಿಯ ಮನೆಗೆ ಬಂದು ಕುಳಿತುಕೊಳ್ಳತೊಡಗಿದರು. ಆ ಕಾಲದಲ್ಲಿ ಆ ದಾರಿ ನೆಚ್ಚುವಂಥದಾಗಿರಲಿಲ್ಲ, ಅಲ್ಲಿಗೆ ದೂರವಾಣಿಯೂ ಸಿಗುತ್ತಿರಲಿಲ್ಲ, ಕೊಟ್ಟ ತಂತಿಗೆ ಉತ್ತರವೂ ಬಂದಿರಲಿಲ್ಲ. ಜೆನೆವಿವ್ ಅವರು ತರಗತಿ ಮುಗಿಸಿ ಬಂದವರೇ ಅವರ ಪಕ್ಕದಲ್ಲಿ ಕೂರುತ್ತಿದ್ದರು. ತಾನು ಹೋಗದೆ ಬೇರೊಬ್ಬರನ್ನು ಕಳುಹಿಸಿದೆನೆಂಬ ಕೊರಗು ಅವರ ಮುಖದಲ್ಲಿ ಕಾಣುತ್ತಿತ್ತು.

ಮೂರನೆಯ ವಾರ ವಲೇರಿಯನ್ ಬಂದರು, ಗಡ್ಡ ಬಿಟ್ಟುಕೊಂಡು, ಕೈಯೆಲ್ಲ ಗೀರು ಮಾಡಿಕೊಂಡು. ಗಡಿಯಲ್ಲಿ ಸಾಮಾನು ಒಪ್ಪಿಸಲು ಹೋದಾಗ, ನಲ್ಲಿ ಕೂರಿಸಲು ಬರುವವರು ಇದ್ದಾರೆಯೇ ಎಂದು ಆಲ್ಫ್ರೆಡನನ್ನು ಕೇಳಿದರಂತೆ. ಒಬ್ಬನಿದ್ದಾನೆ, ವಯಸ್ಸಾಗಿದೆ ಎಂದನಂತೆ ಅವನು. ಅಷ್ಟಕ್ಕೇ ಇವರು ಲಾರಿಯನ್ನು ಕಂಪಾಲಾದವರೆಗೂ ಓಡಿಸಿದ್ದರು. ಇದೆಲ್ಲವನ್ನೂ ಅವರು ಜೆನೆವಿವ್ ಅವರಿಗೆ ಕೊಂಕಣಿಯಲ್ಲಿ ಹೇಳಿದರು; ನನಗೆ ಆಮೇಲೆ ಕನ್ನಡದಲ್ಲಿ ತಿಳಿಸಿದರು. ವಿಭಾಗದ ಹಿಂದಿನ ಮರದ ಕೆಳಗೆ ದಿನಾ ಮಧ್ಯಾಹ್ನ ಅನ್ನ ಬೇಯುತ್ತಿತ್ತು. ಕುಂಬಳಕಾಯಿಯನ್ನು ಕಾಯಿಹಾಲಿನಲ್ಲಿ ಬೇಯಿಸುವುದನ್ನು ವಲೇರಿಯನ್ ಅವರೇ ಹೇಳಿಕೊಟ್ಟರು. ಕೆಲಸದವರು ಸಂಜೆಯವರೆಗೂ ನಿಂತರು, ಪಾಠ ಮಾಡುವವರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತರು, ಊಟವಾದ ಮೇಲೆ ಅವರೂ ಗೋಡೆ ಕೆತ್ತಿದರು. ಮೂಟೆ ಬರಿದಾಗುವ ಹೊತ್ತಿಗೆ ಮೇಜುಮೇಜಿನಲ್ಲಿ ನೀರು ಬಂತು. ಆಡಳಿತದವರು ಬಂದು ನಲ್ಲಿ ತಿರುಗಿಸಿ ನೋಡಿ, ಅಕ್ಟೋಬರಿನ ಪ್ರವೇಶಕ್ಕೆ ಒಪ್ಪಿದರು. ನಿಮ್ಮ ತಂದೆಯ ವರ್ಕ್‌ಶಾಪು ಇದ್ದ ಬೀದಿಗೂ ಹೋಗಿದ್ದಿರಾ ಎಂದು ಜೆನೆವಿವ್ ಅವರು ಕೇಳಿದಾಗ, ಹೋಗಿದ್ದೆ ಎಂದಷ್ಟೇ ಹೇಳಿದರು.

ಮಾತು ಮುಗಿದ ಮೇಲೆ ವಲೇರಿಯನ್ ಚೀಲದಿಂದ ಒಂದು ಸೋಡಾ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಬಾಯಿಗೆ ಬಟ್ಟೆ ಬಿಗಿದಿದ್ದ ಅದರಲ್ಲಿ ಇದ್ದದ್ದು ಆ ಲ್ಯಾಬಿನ ಮೊದಲ ನಲ್ಲಿಯ ನೀರು. ಒಂದು ಮೊಳೆಯನ್ನೂ ಕಳುಹಿಸಲಾರೆನೆಂದಿದ್ದ ಮನುಷ್ಯ, ಯಾತ್ರೆಗೆ ಹೋದವರು ತೀರ್ಥ ತರುವಂತೆ ಅದನ್ನು ತಂದಿದ್ದರು. ಜೆನೆವಿವ್ ಅವರು ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತರು. ನಾನು ಕಿಟಕಿಯ ಕಡೆ ನೋಡಿದೆ.

ಮರುದಿನ ಅದನ್ನು ಅವರು ನೈರೋಬಿಯ ತಮ್ಮ ಮೊದಲ ವರ್ಷದ ತರಗತಿಗೆ ಕೊಂಡೊಯ್ದು, ವಿದ್ಯಾರ್ಥಿಗಳ ಕೈಯಲ್ಲಿ ಪರೀಕ್ಷೆ ಮಾಡಿಸಿದರು. ಅವರು ಕೊಟ್ಟ ದ್ರಾವಣದ ಕೆಲವು ಹನಿ ಬಿದ್ದೊಡನೆ ನೀರು ನಸುಗೆಂಪಾಯಿತು; ಕಬ್ಬಿಣದ ಅಂಶವಿದೆ ಎಂದರ್ಥ. ಅಂದೇ ಆಲ್ಫ್ರೆಡನಿಗೆ ತಂತಿ ಹೋಯಿತು: ಹಳೆಯ ಮುಖ್ಯ ಪೈಪು ತುಕ್ಕು ಬಿಡುತ್ತಿದೆ, ತರಗತಿಗೆ ಮೊದಲು ದಿನಾ ಸ್ವಲ್ಪ ಹೊತ್ತು ನೀರು ಹರಿಯಬಿಡು. ಕಣ್ಣೀರಿನ ಮರುದಿನವೇ ಇಂಥ ತಂತಿ ಕೊಡಬಲ್ಲವರನ್ನು ನಾನು ಬೇರೆ ಕಂಡಿಲ್ಲ.

ಅಂದಿನಿಂದ ಅದೊಂದು ಪದ್ಧತಿಯಾಯಿತು. ಪ್ರತಿ ಅಕ್ಟೋಬರಿನಲ್ಲಿ ಅಲ್ಲಿಂದ ಬರುವ ಯಾರದೋ ಕೈಯಲ್ಲಿ ಆಲ್ಫ್ರೆಡ್ ಒಂದು ಬಾಟಲಿ ನೀರು ಕಳುಹಿಸುತ್ತಾನೆ, ನೈರೋಬಿಯ ಹೊಸ ವಿದ್ಯಾರ್ಥಿಗಳು ಅದನ್ನು ಪರೀಕ್ಷಿಸುತ್ತಾರೆ, ಉತ್ತರ ಹೋಗುತ್ತದೆ. ಕೆಂಪು ವರ್ಷದಿಂದ ವರ್ಷಕ್ಕೆ ತಿಳಿಯಾಯಿತು. ದೊಡ್ಡ ನೆರವು ಕೊನೆಗೂ ಬಂದು ಮುಖ್ಯ ಪೈಪು ಬದಲಾದ ವರ್ಷ ಬಣ್ಣವೇ ಬರಲಿಲ್ಲ. ಆದರೂ ಬಾಟಲಿ ನಿಲ್ಲಲಿಲ್ಲ. ಜೆನೆವಿವ್ ಅವರು ಮಾತ್ರ ಒಮ್ಮೆಯೂ ಆ ಕಡೆ ಹೋಗಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ಬಾಟಲಿ ತಂದವಳು ಒಬ್ಬ ತರುಣಿ. ೧೯೮೭ರಲ್ಲಿ ಪ್ರವೇಶ ಪಡೆದ ಆ ತಂಡದವಳು. ಈಗ ಅದೇ ವಿಭಾಗದಲ್ಲಿ ಮೊದಲ ವರ್ಷದ ಪ್ರಾಯೋಗಿಕ ತರಗತಿಯ ಹೊಣೆ ಹೊತ್ತ ಉಪನ್ಯಾಸಕಿ. ಜೆನೆವಿವ್ ಅವರನ್ನು ಅವಳು ಅದುವರೆಗೆ ನೋಡಿರಲಿಲ್ಲ, ೧೯೭೨ರ ನೆನಪು ಅವಳಿಗಿರಲು ಸಾಧ್ಯವಿರಲಿಲ್ಲ. ನಮ್ಮ ವಿಶ್ವವಿದ್ಯಾಲಯದ ಚಹಾ ಕೋಣೆಯಲ್ಲಿ ಕುಳಿತು, ಅವಳು ತನ್ನ ಲ್ಯಾಬಿನ ಬಗ್ಗೆ ಒಂದೇ ಸಮನೆ ಹೇಳುತ್ತ ಹೋದಳು: ಮೇಜುಗಳನ್ನು ತಾನು ಅಡ್ಡಡ್ಡ ತಿರುಗಿಸಿದ್ದೇನೆ, ಹಳೆಯ ಕ್ರಮದಲ್ಲಿ ಬೆಳಕು ಸಾಲದು, ಗಾಜು ಒಡೆದವರು ಕೊಳವೆ ಮಾಡಿಕೊಡಬೇಕೆಂಬ ನಿಯಮವನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಆ ನಿಯಮ ಎಲ್ಲಿಂದ ಬಂತೆಂದು ಅವಳಿಗೆ ತಿಳಿದಂತಿರಲಿಲ್ಲ. ಹೊರಡುವಾಗ, ನಿವೃತ್ತಿಯಾದ ಮೇಲೆ ಒಂದು ವರ್ಷ ಬಂದು ನಮ್ಮ ಲ್ಯಾಬಿನಲ್ಲಿ ನನ್ನ ಜೊತೆ ಪಾಠ ಮಾಡುತ್ತೀರಾ ಎಂದು ಜೆನೆವಿವ್ ಅವರನ್ನು ಕೇಳಿದಳು.

ಅವಳು ಹೋದ ಮೇಲೆ ಜೆನೆವಿವ್ ಅವರು ನನ್ನ ಕಡೆ ತಿರುಗಿದರು. "ಮೇಜು ತಿರುಗಿಸಿದ್ದಾಳಂತೆ. ನನ್ನನ್ನು ಕೇಳದೆ," ಎಂದರು. ಅಷ್ಟು ಸಂತೋಷವನ್ನು ನಾನು ಅವರ ಮುಖದಲ್ಲಿ ಕಂಡಿರಲಿಲ್ಲ. "ಈಗ ಹೋಗ್ಬಹುದು ಮಾಸ್ಟ್ರೇ."

ಈ ಬೀಳ್ಕೊಡುಗೆ ಸಮಾರಂಭಕ್ಕಾಗಿ ನಾವು ಕೂಡಿಸಲೆಣಿಸಿದ್ದ ಹಮ್ಮಿಣಿಯನ್ನು ಅವರು ಬೇಡವೆಂದಿದ್ದಾರೆ. ಅದರ ಬದಲು ನಲ್ಲಿಗೆ ಹಾಕುವ ವಾಷರುಗಳನ್ನು ಕೊಟ್ಟರೆ ಕೊಂಡೊಯ್ಯುವೆನೆಂದಿದ್ದಾರೆ. ವಲೇರಿಯನ್ ಅದಾಗಲೇ ಒಂದು ಪೆಟ್ಟಿಗೆ ಕಟ್ಟಿಸಿಟ್ಟಿದ್ದಾರೆ, ಸುಶೀಲಮ್ಮನವರು ಒಂದು ಕುಂಬಳಕಾಯಿ ಆರಿಸಿಟ್ಟಿದ್ದಾರೆ. ಪೂಜ್ಯ ಜೆನೆವಿವ್ ಅವರಿಗೆ ಭಗವಂತನು ದೀರ್ಘಾಯುಷ್ಯವನ್ನೂ, ದಿನವಿಡೀ ನಿಂತು ಪಾಠ ಹೇಳುವ ಕಾಲಿನ ಬಲವನ್ನೂ, ಇನ್ನೂ ಹಲವು ತಂಡಗಳ ಶಿಷ್ಯರನ್ನೂ ಕರುಣಿಸಲಿ. ಬರುವ ಅಕ್ಟೋಬರಿನಲ್ಲಿ ಆ ಬೆಟ್ಟದ ಮೇಲಿಂದ ನೈರೋಬಿಗೆ ಬಾಟಲಿ ಬರುವುದಿಲ್ಲ. ಒಂಬತ್ತು ವರ್ಷ ಆ ನೀರನ್ನು ಯಾರದೋ ಕೈಯಿಂದ ತರಿಸಿಕೊಂಡು ನೋಡಿದವರು, ಈ ಸಲ ಅಲ್ಲಿಯೇ ನಿಂತು, ನಲ್ಲಿಯನ್ನು ತಮ್ಮ ಕೈಯಿಂದಲೇ ತಿರುಗಿಸಲಿ.